ಉಳಿದ ಗಂಜಿ

ಶಿಷ್ಯ ಕೇಳಿದ: "ಗುರುಗಳೇ, ರೋಗ ಹಬ್ಬಿತು ಅಂತೀವಿ. ಸುಳ್ಳು ಹಬ್ಬಿತು, ಹೆದರಿಕೆ ಹಬ್ಬಿತು ಅಂತಲೂ ಅಂತೀವಿ. ಕೆಟ್ಟ ಚಾಳಿ ಕಂಡರೆ ಅಂಟುಜಾಡ್ಯ ಅಂತೀವಿ. ಒಳ್ಳೇತನ ಮಾತ್ರ ಯಾಕೆ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ?"

"ಅಂಟುತ್ತೆ," ಅಂದರು ಗುರುಗಳು. "ಒಂದೂರಲ್ಲಿ ಅಂಟಿತ್ತು."

ಆ ಊರಲ್ಲಿ ಒಂದು ಪದ್ಧತಿ. ಯಾರಾದರೂ ಕಾಯಿಲೆ ಬಿದ್ದರೆ ಮನೆಗೊಬ್ಬರು ಗಂಜಿ ಕಾಯಿಸಿಕೊಂಡು ಹೋಗಬೇಕು. ಮಲಗಿದವರಿಗೆ ಎರಡು ಗುಟುಕು ಕುಡಿಸಿ, ಬಟ್ಟಲಲ್ಲಿ ಉಳಿದದ್ದನ್ನು ತಾವು ಕುಡಿಯಬೇಕು. ನಿನ್ನ ಸಂಕಟದಲ್ಲಿ ನಮಗೂ ಪಾಲಿರಲಿ ಅಂತ ಅದರರ್ಥ. ಒಳ್ಳೆಯ ಜನ.

ಒಬ್ಬ ಕುಂಬಾರ ಮಾತ್ರ ಯಾರ ಮನೆಗೂ ಹೋಗುತ್ತಿರಲಿಲ್ಲ. ಬಾಯಿ ಕೆಟ್ಟದ್ದು, ಕೈ ಬಿಗಿ. ಊರಿಗಂಟಿದ ಪೀಡೆ ಅಂತ ಜನ ಅವನನ್ನು ಕರೀತಿದ್ದರು. ಆ ಪೀಡೆಯಿಂದ ಅವತ್ತಿನವರೆಗೆ ಯಾರಿಗೂ ಒಂದು ನೆಗಡಿಯೂ ಬಂದಿರಲಿಲ್ಲ.

ಒಂದು ಬೇಸಿಗೆಯಲ್ಲಿ ವ್ಯಾಪಾರಿಯೊಬ್ಬ ಪರವೂರಿಗೆ ಹೋಗಿ ವಾಂತಿಭೇದಿ ಅಂಟಿಸಿಕೊಂಡು ಬಂದ. ಕುಂಬಾರನ ಹೆಂಡತಿ ಗಂಜಿ ಬಟ್ಟಲು ಹಿಡಿದು ಹೊರಟಳು. ಇವನು ಬಾಗಿಲಿಗೆ ಅಡ್ಡ ಕೂತ. ರೋಗದ ಗುಟ್ಟು ಗೊತ್ತಿತ್ತು ಅಂತಲ್ಲ. ಅಕ್ಕಿ ಖರ್ಚಾಗುತ್ತೆ ಅಂತ.

"ಊರು ಏನಂದೀತು?" ಅಂದಳು.

"ಅವನ ಸಂಕಟ ಅವನ ಹತ್ತಿರಾನೇ ಇರಲಿ ಬಿಡೆ. ನನ್ನ ಪಾಲಿಗೆ ನಿಮ್ಮಪ್ಪ ಕಟ್ಟಿದ್ದೇ ಸಾಕು."

ಊರವರೆಲ್ಲ ಹೋದರು. ವ್ಯಾಪಾರಿ ಎದ್ದು ಕೂತ, ಹೋದವರು ಮಲಗಿದರು. ಅವರನ್ನು ನೋಡೋಕೆ ಉಳಿದವರು ಹೋದರು. ಒಬ್ಬರೂ ತಪ್ಪಿಸಲಿಲ್ಲ. ವ್ಯಾಪಾರಿಯೂ ಉಪಕಾರ ಮರೆಯದೆ ಮನೆಮನೆ ತಿರುಗಿ ಗಂಜಿ ಕುಡಿದ, ಮತ್ತೆ ಮಲಗಿದ, ಈ ಸಲ ಏಳಲಿಲ್ಲ. ಸುಡುಗಾಡಿಗೆ ಒಯ್ಯುವ ಮಡಕೆ ಮಾಡಿ ಮಾಡಿ ಕುಂಬಾರನ ಮನೆಯ ಮಣ್ಣು ಮುಗಿಯಿತು. ಮಡಕೆ ಕೇಳಲು ಬಂದವರ ಮುಖ ನೋಡಿ ನೋಡಿ, ರೋಗ ಯಾವ ದಾರಿ ಹಿಡಿದು ಬರುತ್ತಿದೆ ಅಂತ ಅವನಿಗೆ ನಿಧಾನಕ್ಕೆ ತಿಳಿಯಿತು. ಹೇಳಿದ. ಪೀಡೆಯ ಮಾತು ಯಾರು ಕೇಳುತ್ತಾರೆ?

ಅವನು ಮಣ್ಣು ತರಲು ಕೆರೆಗೆ ಹೋದಾಗ ಹೆಂಡತಿ ಗೆಳತಿಯ ಮನೆಗೆ ಹೋಗಿ ಬಂದಳು. ಮರುದಿನ ಮಲಗಿದಳು.

ಯಾರೂ ಬರಲಿಲ್ಲ. ಬರುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕುಂಬಾರ ತಾನೇ ಒಲೆ ಹಚ್ಚಿದ. ಗಂಜಿ ತಳ ಹಿಡಿದು ಸೀದುಹೋಯಿತು. ಇನ್ನೊಂದು ಸಲ ಕಾಯಿಸಿದ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಗುಟುಕು ಕುಡಿಸಿದ. ಅಷ್ಟೇ ಒಳಗೆ ಹೋಯಿತು. ಉಳಿದದ್ದು ಬಟ್ಟಲಲ್ಲಿತ್ತು. ಅವನು ಅದನ್ನೇ ನೋಡುತ್ತಾ ಕೂತ. ಅವಳು ಬೇಡ ಅಂತ ತಲೆಯಾಡಿಸಿದಳು.

"ಅಕ್ಕಿ ಏನು ಪುಕ್ಕಟೆ ಬರುತ್ತಾ?" ಅಂತ ಗದರಿಕೊಂಡು, ಬಟ್ಟಲೆತ್ತಿ ಕುಡಿದುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಕೊನೆಗೆ ಅವನಿಗೆ ಅಂಟಿದ್ದು ಯಾವುದು, ರೋಗವೋ ಒಳ್ಳೇತನವೋ?" ಅಂತ ಕೇಳಿದ.

"ಹೋಗಿ ನೋಡಿಕೊಂಡು ಬರೋಕೆ ಆ ಊರಲ್ಲಿ ಯಾರೂ ಉಳಿದಿರಲಿಲ್ಲಪ್ಪ," ಅಂದರು ಗುರುಗಳು.