ಕಡೇ ರಾಕ್ಷಸನಿಗೆ ಅಂತ ಇಟ್ಟ ಅಮೃತ

ಹೊಳೆದಂಡೆಯ ಆಶ್ರಮ. ಗುರು ಮುದ್ದುವೀರಯ್ಯನವರು ಜಗಲಿಯ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದರು.

ಶಿಷ್ಯ ಮೌಳಿ ಧಡಧಡನೆ ಬಂದು ಎದುರಿಗೆ ನಿಂತ. ಮುಖ ಕೆಂಪೇರಿತ್ತು.

"ಅನ್ಯಾಯ ಬುದ್ಧಿ! ಶುದ್ಧ ಅನ್ಯಾಯ!"

"ಯಾರು ಮಾಡಿದ್ದು?"

"ಕರಾಳಕೇತು."

"ಯಾವೂರಿನವನಪ್ಪ?"

"ಯಾವ ಊರಿನವನೂ ಅಲ್ಲ. ಭಕ್ತರೊಬ್ಬರು ನಮ್ಮ ಪಾಠಶಾಲೆಗೆ ಹಳೇ ಕಂಪ್ಯೂಟರ್ ಕೊಟ್ಟಿದ್ದಾರಲ್ಲ, ಅದರಲ್ಲಿರೋ ಆಟದ ಕಡೇ ರಾಕ್ಷಸ."

ಗುರುಗಳು ಬುಟ್ಟಿ ಪಕ್ಕಕ್ಕಿಟ್ಟರು. "ಏನು ಮಾಡಿದ?"

"ಕೊಂದರೆ ಮತ್ತೆ ಏಳ್ತಾನೆ! ಸತ್ತ ಅಂತ ಉಸಿರು ಬಿಟ್ಟೆ, ಹಾಳಾದವನಿಗೆ ರೆಕ್ಕೆ ಮೂಡಿತು. ಜೀವ ಪೂರ್ತಿ ತುಂಬಿಕೊಂಡು ಎದ್ದ. ನಮ್ಮ ಇರುವಂತಿಯನ್ನ ಒಂದೇ ಏಟಿಗೆ ಕೆಡವಿದ."

"ಇರುವಂತಿ ಯಾರು?"

"ನನ್ನ ದಂಡಿನ ವೈದ್ಯೆ. ಮೊದಲನೇ ಹಳ್ಳಿಯಿಂದ ಜೊತೆಗೆ ನಡೆದು ಬಂದವಳು. ಎಲ್ಲರ ಗಾಯ ಮಾಯಿಸಿದವಳು. ಅವಳು ಬಿದ್ದಮೇಲೆ ನಾವ್ಯಾರೂ ಉಳೀಲಿಲ್ಲ. ಈ ಆಟ ಮಾಡಿದವರಿಗೆ ಕರುಳಿಲ್ವಾ ಬುದ್ಧಿ?"

"ಬಿದ್ದವರನ್ನ ಎಬ್ಬಿಸೋ ಮದ್ದು ಆ ಲೋಕದಲ್ಲಿ ಇಲ್ಲವೇ?"

"ಇದೆ. ಅಮೃತದ ಕುಪ್ಪಿ. ನನ್ನ ಚೀಲದ ತುಂಬ ಇವೆ."

"ಅವಳಿಗೆ ಕೊಟ್ಟೆಯಾ?"

"ಇಲ್ಲ."

"ಯಾಕೆ?"

"ಎಷ್ಟು ಕಷ್ಟಪಟ್ಟು ಕೂಡಿಟ್ಟಿದ್ದು! ಕಡೇ ರಾಕ್ಷಸನ ಜೊತೆ ಹೋರಾಡುವಾಗ ಬೇಕಾಗುತ್ತೆ ಅಂತ."

"ಇವನೇ ಕಡೆಯವನು ಅಂದೆಯಲ್ಲ."

"ಇವನೇ. ಆದರೆ ಇನ್ನೂ ಒಂದು ರೂಪ ತಾಳಿಬಿಟ್ಟರೆ?"

ಈ ಆಟ ಆಡುವವರಲ್ಲಿ ಬಹಳ ಜನಕ್ಕೆ ಹೀಗೆ ಕೂಡಿಟ್ಟು ಬಳಸದೇ ಇರೋ ರೋಗವಂತೆ. ಆಟದೊಳಗೇ ಇದ್ದುಕೊಂಡಿದ್ದರೆ ಕತೆ ಹೇಳೋ ನನಗೇನು, ಇರಲಿ ಬಿಡಿ. ಆದರೆ ಆಶ್ರಮದ ಉಗ್ರಾಣದ ಬೀಗದಕೈ ಇದೇ ಮೌಳಿಯ ಸೊಂಟದಲ್ಲಿತ್ತು. ಅದಕ್ಕೇ ನನಗೆ ಮೈಯೆಲ್ಲ ಉರಿಯುವುದು.

ಗುರುಗಳು ಕೇಳಿದರು, "ಊಟ ಆಯ್ತಾ?"

"ಎಲ್ಲಿಂದ ಬುದ್ಧಿ? ಬೆಳಗಿನಿಂದ ಹೊಡೆದಾಡ್ತಾ ಇದ್ದೆ. ಹೊಟ್ಟೆ ಚುರುಗುಟ್ತಿದೆ."

ಗುರುಗಳು ಒಳಗೆ ಹೋಗಿ ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಬಡಿಸಿಕೊಂಡು ಬಂದರು. ಮೌಳಿ ಚಕ್ಕಳಮಕ್ಕಳ ಹಾಕಿ ಕೂತ. ಗುರುಗಳು ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ತಮ್ಮ ಕಡೆ ಎಳೆದುಕೊಂಡರು.

"ಬುದ್ಧಿ, ಊಟ?"

"ಇದೆಯಲ್ಲ. ಕಡೇ ಹಸಿವಿಗೆ ಅಂತ ಇಟ್ಟಿದ್ದೀನಿ."

"ನನಗೆ ಹಸಿವಾಗಿರೋದು ಈಗ!"

"ಇದಕ್ಕಿಂತ ದೊಡ್ಡ ಹಸಿವು ಬಂದುಬಿಟ್ಟರೆ?"

ಮೌಳಿಗೆ ರೇಗಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೊಟ್ಟಿಗೆ ಕಡೆಯಿಂದ ಕೆಮ್ಮು ಕೇಳಿಸಿತು. ಕೆಮ್ಮು ನಿಲ್ಲಲೇ ಇಲ್ಲ.

"ಯಾರದು?" ಗುರುಗಳು ಕೇಳಿದರು.

"ನೀಲವ್ವ. ಹಸು ನೋಡಿಕೊಳ್ಳೋ ನೀಲವ್ವ."

"ಮೊನ್ನೆ ನಿನ್ನ ಹತ್ತಿರ ಏನೋ ಕೇಳೋಕೆ ಬಂದಿದ್ದಳಲ್ಲ?"

ಮೌಳಿ ತಲೆ ತಗ್ಗಿಸಿದ. "ಕಂಬಳಿ."

"ಉಗ್ರಾಣದಲ್ಲಿ ಇಲ್ಲವೋ?"

"ಇವೆ. ಅಟ್ಟದ ತುಂಬ ಇವೆ."

"ನೀನೇನಂದೆ?"

"ಕೊರೆಯೋ ಚಳಿ ಇನ್ನೂ ಬಂದಿಲ್ಲ, ಬಂದಾಗ ಬೇಕಾಗುತ್ತೆ, ಆಮೇಲೆ ನೋಡೋಣ ಅಂದೆ."

ಗುರುಗಳು ಎದ್ದು ನಿಂತರು. ಅವರ ದನಿ ಅಷ್ಟು ಏರಿದ್ದನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ.

"ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ದೆವ್ವಕ್ಕೆ ಬರೀತಾರೆ. ನೀನು ಮನುಷ್ಯರಿಗೆ ಬರೆದಿದ್ದೀಯಲ್ಲೋ! ಆ ರಾಕ್ಷಸ ತನ್ನಲ್ಲಿದ್ದದ್ದನ್ನೆಲ್ಲ ಸುರಿದು ಹೊಡೆದಾಡಿದ, ಅದು ಅನ್ಯಾಯವಂತೆ. ಚೀಲ ತಬ್ಬಿಕೊಂಡು ಆ ಹುಡುಗಿ ಸಾಯೋದನ್ನ ನೋಡ್ತಾ ನಿಂತೆಯಲ್ಲ, ಅದೇನು?"

ಮೌಳಿ ಓಡಿದ. ಉಗ್ರಾಣದ ಬೀಗ ತೆಗೆದು ಅಟ್ಟ ಹತ್ತಿದ. ಮೇಲಿನ ಕಂಬಳಿ ಬಿಚ್ಚಿದರೆ ನುಸಿ ತಿಂದು ತೂತು. ಅದರ ಕೆಳಗಿನದೂ ತೂತು. ಅಡಿಯಲ್ಲಿ ಗಟ್ಟಿಯಾದ ಎರಡು ಸಿಕ್ಕಿದವು.

ನೀಲವ್ವ ಹುಲ್ಲಿನ ಮೇಲೆ ಮುದುಡಿಕೊಂಡಿದ್ದಳು. ಮುಟ್ಟಿದರೆ ಮೈ ಸುಡುತ್ತಿತ್ತು. ಕಂಬಳಿ ನೋಡಿ ಕೈ ಅಡ್ಡ ಹಿಡಿದಳು.

"ಬೇಡ ಕಣಪ್ಪ. ಕೊರೆಯೋ ಚಳಿ ಬಂದಾಗ ಬೇಕಾಗುತ್ತೆ ಅಂದೆಯಲ್ಲ. ಇರಲಿ."

ಕುಟುಕಲು ಹೇಳಿದ್ದಲ್ಲ. ಪಾಪ, ಅವಳು ಅವನ ಮಾತನ್ನು ನಂಬಿದ್ದಳು. ಮೌಳಿ ಅಳುತ್ತಲೇ ಒಂದು ಹಾಸಿದ, ಒಂದು ಹೊದಿಸಿದ. ಮೆಣಸಿನ ಕಷಾಯ ಕಾಯಿಸಿ ತಂದು ಕುಡಿಸಿದ. ಅವಳ ನಡುಕ ನಿಂತು ಕಣ್ಣು ಹತ್ತುವವರೆಗೂ ಅಲ್ಲೇ ಕೂತಿದ್ದ.

ತಿರುಗಿ ಬಂದಾಗ ಗುರುಗಳು ಮತ್ತೆ ಅವರೇಕಾಯಿ ಸುಲಿಯುತ್ತಿದ್ದರು. ಮೌಳಿ ಬೀಗದಕೈಯನ್ನು ಅವರ ಮುಂದಿಟ್ಟ.

"ಇದು ನಿನ್ನ ಹತ್ತಿರವೇ ಇರಲಿ," ಎಂದರು ಗುರುಗಳು.

ಮೌಳಿ ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಒಂದು ಮಾತು ಮಾತ್ರ ಅವನನ್ನು ಕೊರೆಯುತ್ತಿತ್ತು.

"ಬುದ್ಧಿ, ಇದ್ದದ್ದನ್ನೆಲ್ಲ ಕೊಟ್ಟು ಬರಿಗೈ ಆದಮೇಲೆ, ಆ ರಾಕ್ಷಸ ಮತ್ತೆ ಎದ್ದರೆ?"

ಗುರುಗಳು ಮುಚ್ಚಿದ್ದ ತಟ್ಟೆ ತೆಗೆದು ಊಟವನ್ನು ಅವನ ಮುಂದಕ್ಕೆ ತಳ್ಳಿದರು.

"ಏಳಲಿ ಬಿಡೋ. ಆಗ ನಿನ್ನ ಪಕ್ಕದಲ್ಲಿ ಇರುವಂತಿ ಬದುಕಿರ್ತಾಳಲ್ಲ."