ಎಡಚಿ ಸಂಕವ್ವನ ಚುಟ್ಟಾ

ಹಿಂದೆ ಇರೋರು ಸ್ವಲ್ಪ ಮುಂದೆ ಸರೀರಿ, ಮುಂದೆ ಇರೋರು ಕಾಲು ಮಡಚ್ಕೊಳ್ಳಿ. ಈ ಕತೆಯಲ್ಲಿ ಹೊಗೆ ಜಾಸ್ತಿ, ಉಸಿರಾಡೋಕೆ ಜಾಗ ಬೇಕು.

ಸುಂಟನೂರು ಅಂತ ಒಂದು ರಾಜ್ಯ. ಅದಕ್ಕೆ ಬೊಮ್ಮರಸ ಅಂತ ಒಬ್ಬ ರಾಜ. ಅವನ ತಾತನ ಕಾಲದಲ್ಲಿ ಅರಮನೆಯಲ್ಲೂ ಅಂಬಲಿಯೇ. ಅವನಪ್ಪನ ಕಾಲದಲ್ಲಿ ಅಂಬಲಿ ಜೊತೆ ಈರುಳ್ಳಿ. ಇವನ ಕಾಲಕ್ಕೆ ಬೆಟ್ಟ ಕಡಿದು ಸಮುದ್ರಕ್ಕೆ ದಾರಿ ಮಾಡಿದರು ನೋಡಿ, ಮೆಣಸು ಹೋಯಿತು, ಹೊನ್ನು ಬಂತು. ಹುಲ್ಲಿನ ಮನೆಗೆ ಹೆಂಚು ಬಂತು. ಬರಿಗಾಲಿಗೆ ಕಿರ್ರೆನ್ನುವ ಜೋಡು ಬಂತು. ದುಡ್ಡು ಬಂದದ್ದು ಸರಿ, ಬಂದಿದೆ ಅಂತ ಊರಿಗೆ ತೋರಿಸೋದು ಹೇಗೆ? ಅರ್ಧರಾತ್ರೀಲಿ ಕೊಡೆ ಹಿಡಿಯೋಣ ಅಂದರೆ ಆ ಗಾದೆ ಆಗಲೇ ಎಲ್ಲರಿಗೂ ಗೊತ್ತು.

ಆ ಊರಿನ ಹೊಗೆಸೊಪ್ಪಿನ ಓಣಿಯಲ್ಲಿ ಸಂಕವ್ವ ಇದ್ದಳು. ಚುಟ್ಟಾ ಸುತ್ತೋದು ಅವಳ ಕಸುಬು. ಅವಳವ್ವ ಬಿಟ್ಟುಹೋದ ಒಂದು ಹಲಸಿನ ಹಲಗೆ, ಒಂದು ಬಾಗಿದ ಕತ್ತಿ, ಇಷ್ಟೇ ಆಸ್ತಿ. ಮೊಣಕೈ ಊರಿ ಊರಿ ಹಲಗೆಯಲ್ಲಿ ಗುಳಿ ಬಿದ್ದಿತ್ತು. ಅವಳಷ್ಟು ಬಿಗಿಯಾಗಿ, ಅವಳಷ್ಟು ನಯವಾಗಿ ಸುತ್ತುವವರು ಓಣಿಯಲ್ಲಿ ಇರಲಿಲ್ಲ. ಆದರೆ ಸಂಕವ್ವ ಎಡಚಿ. ಎಲ್ಲರ ಚುಟ್ಟಾದಲ್ಲಿ ಎಲೆ ಬಲಕ್ಕೆ ಹತ್ತಿದರೆ ಅವಳದ್ದರಲ್ಲಿ ಎಡಕ್ಕೆ ಹತ್ತುತ್ತಿತ್ತು. ಎಡಗೈಲಿ ಕೊಟ್ಟರೆ ನಾಯಿಯೂ ಮೂಸೋಲ್ಲ ಅನ್ನುವ ಊರು ಅದು. ಗಿರಾಕಿಗಳು ಬರುವರು, ನೋಡುವರು, ಪಕ್ಕದ ದ್ಯಾಮವ್ವನ ಹತ್ತಿರ ಕೊಳ್ಳುವರು.

ಅವಳಿಗೆ ಇದ್ದವನು ಒಬ್ಬನೇ ಗಿರಾಕಿ, ಮಕರಂದ ಸಾಹುಕಾರ. ಕಡಲ ಕಡೆಯಿಂದ ಬಂದು ಊರಲ್ಲಿ ಅಂಗಡಿ ಇಟ್ಟವನು. ಬಾಳೆ ನಾರಲ್ಲಿ ಕಟ್ಟಿದ ಕಟ್ಟುಗಳನ್ನು ಗಾಡಿಗೆ ಹಾಕಿಸಿಕೊಂಡು ಹೋಗುತ್ತಿದ್ದ. ಯಾರಿಗೆ ಅಂತ ಕೇಳಿದರೆ, ಕೊಟ್ಟಿಗೆಯಲ್ಲಿ ನೊಣ ಓಡಿಸೋಕೆ ಹೊಗೆ ಹಾಕ್ತೀನಿ ಅನ್ನುತ್ತಿದ್ದ. ದನಕ್ಕಾದರೂ ಆಯಿತಲ್ಲ ಅಂತ ಸಂಕವ್ವ ಸುಮ್ಮನಿದ್ದಳು.

ಇತ್ತ ಸಾಹುಕಾರ ಮನೆಗೆ ಹೋಗಿ ಏನು ಮಾಡುತ್ತಿದ್ದ? ಒಂದೊಂದು ಚುಟ್ಟಾಕ್ಕೂ ಚಿನ್ನದ ಬಣ್ಣದ ಕಾಗದದ ಉಂಗುರ ತೊಡಿಸಿ, ಗಂಧದ ಪೆಟ್ಟಿಗೆಯಲ್ಲಿ ಮಲಗಿಸಿ, ಅರಮನೆಗೆ ಒಯ್ಯುತ್ತಿದ್ದ. ಏಳು ಸಮುದ್ರದ ಆಚೆಯದು ಪ್ರಭು, ಸುತ್ತು ನೋಡಿ, ನಮ್ಮ ಕಡೆ ಯಾರಾದರೂ ಹೀಗೆ ಸುತ್ತುತ್ತಾರೆಯೇ ಅನ್ನುತ್ತಿದ್ದ. ನಿಜ, ಯಾರೂ ಸುತ್ತುತ್ತಿರಲಿಲ್ಲ. ಒಂದು ಚುಟ್ಟಾಕ್ಕೆ ಒಂದು ಹಾಲು ಕರೆಯುವ ಎಮ್ಮೆಯ ಬೆಲೆ. ರಾಜ ಸೇದಿದ. ಮಂತ್ರಿ ಸೇದಿದ. ಕೆಮ್ಮು ಬರುವವರೆಲ್ಲ ಸೇದಿದರು, ಬಾರದವರು ಕೆಮ್ಮು ಕಲಿತರು. ಸೇದಿ ಮುಗಿದ ಮೇಲೆ ಆ ಕಾಗದದ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳುವುದು ದೊಡ್ಡಸ್ತಿಕೆ ಆಯಿತು. ಬಲಗೈಗೆ ಹಾಕಿದರೆ ಊಟದಲ್ಲಿ ನೆನೆಯುತ್ತದಲ್ಲ, ಅದಕ್ಕೆ ಎಡಗೈಗೆ ಹಾಕಿಕೊಂಡರು.

ಸಾಹುಕಾರನ ಆಸೆ ಮಾತ್ರ ಮುಗಿಯಲಿಲ್ಲ. ಉಂಗುರದ ಚುಟ್ಟಾ ಸೇದುವವರಿಗೆ ಮಾತ್ರ ಆಸ್ಥಾನದಲ್ಲಿ ಗಾದಿ ಇರಲಿ ಅಂದ. ಆಗಲಿ ಅಂದ ರಾಜ. ಮದುವೆಯಲ್ಲಿ ಅವರಿಗೇ ಮೊದಲ ಪಂಕ್ತಿ ಇರಲಿ ಅಂದ. ಆಗಲಿ ಅಂದ ರಾಜ. ಓಣಿಯ ಹೆಂಗಸರು ಸುತ್ತುವ ಚುಟ್ಟಾದ ನಾತಕ್ಕೆ ಪರದೇಶದವರು ಮೂಗು ಮುಚ್ಕೋತಾರೆ, ರಾಜ್ಯದ ಮಾನ ಹೋಗುತ್ತೆ, ಅವರ ಹಲಗೆ ಕಿತ್ತುಕೊಳ್ಳಿ, ಹೊಟ್ಟೆಪಾಡಿಗೆ ಬೇಕಾದವರು ನನ್ನ ಮನೆ ಹಿತ್ತಲಲ್ಲಿ ಕೂಲಿಗೆ ಬರಲಿ ಅಂದ. ಅದಕ್ಕೂ ರಾಜ ಆಗಲಿ ಅಂದುಬಿಟ್ಟ.

ಮಂತ್ರಿ ಡಂಗುರದವನನ್ನು ಕರೆದುಕೊಂಡು ಓಣಿಗೆ ಬಂದ. ಸೋಮವಾರ ಎಲ್ಲರೂ ಹಲಗೆ, ಕತ್ತಿ ಅರಮನೆ ಅಂಗಳಕ್ಕೆ ತಂದು ಒಪ್ಪಿಸಬೇಕು ಅಂತ ಸಾರಿಸಿದ. ಹೋಗುವಾಗ ಸೇದಿದ್ದ ಮೋಟು ಚುಟ್ಟಾವನ್ನು ಸಂಕವ್ವನ ಬಾಗಿಲ ಮುಂದೆ ಬಿಸಾಕಿದ.

ಸಂಕವ್ವ ಅದನ್ನು ಎತ್ತಿಕೊಂಡಳು. ಎಮ್ಮೆಯ ಬೆಲೆಯ ಚುಟ್ಟಾ ಹೇಗಿರುತ್ತೆ ಅಂತ ಅವಳಿಗೂ ಕುತೂಹಲ. ತಿರುಗಿಸಿದಳು. ಎಲೆ ಎಡಕ್ಕೆ ಹತ್ತಿತ್ತು. ಇನ್ನೊಂದು ಸಲ ತಿರುಗಿಸಿದಳು. ಎಡಕ್ಕೇ ಹತ್ತಿತ್ತು. ಹೆತ್ತವಳಿಗೆ ಮಗುವಿನ ಗುರುತು ಹೇಳಿಕೊಡಬೇಕೇ?

ಮೊದಲು ಅವಳಿಗೆ ನಗು ಬಂತು, ರಾಜ ಸೇದುವುದು ಕೊಟ್ಟಿಗೆ ಹೊಗೆ ಅಂತ. ಆಮೇಲೆ ಅವ್ವನ ಹಲಗೆ ನೋಡಿದಳು. ನಗು ನಿಂತಿತು. ಹೋಗಿ ಇದು ನನ್ನದು ಅಂದರೆ ಯಾರು ನಂಬುತ್ತಾರೆ? ಸಾಹುಕಾರ ಎಲ್ಲದಕ್ಕೂ ಒಂದು ಸಮುದ್ರ ತೋರಿಸುತ್ತಾನೆ. ಅವನ ಬಾಯಿಂದಲೇ ಅವನನ್ನು ಕಟ್ಟಬೇಕು ಅಂದುಕೊಂಡಳು.

ಸೋಮವಾರ ಬಂತು. ಸಂಕವ್ವ ಹಲಗೆ ತಲೆ ಮೇಲೆ ಹೊತ್ತು ಅಂಗಳಕ್ಕೆ ಹೋದಳು. ರಾಜನ ಮುಂದೆ ಇಳಿಸಿ, ಒಪ್ಪಿಸಿದ್ದೀನಿ ಬುದ್ಧಿ, ಆದರೆ ನಮ್ಮ ಕಸುಬನ್ನು ನುಂಗಿದ ದೊಡ್ಡ ಕಸುಬು ಯಾವುದು ಅಂತ ತಿಳಿದು ಹೋಗ್ತೀನಿ, ಸಾಹುಕಾರ್ರನ್ನು ಮೂರು ಮಾತು ಕೇಳಬಹುದಾ ಅಂದಳು. ರಾಜ ತಲೆಯಾಡಿಸಿದ.

ಎಲೆ ಯಾವ ನೆಲದ್ದು ಅಂತ ಕೇಳಿದಳು. ದೇವಕನ್ಯೆಯರು ಓಡಾಡುವ ದ್ವೀಪದ್ದು ಅಂದ ಸಾಹುಕಾರ. ಎಲೆ ನೆನೆಸೋದು ಯಾವ ನೀರಲ್ಲಿ ಅಂತ ಕೇಳಿದಳು. ಮುತ್ತು ತೊಳೆದ ನೀರಲ್ಲಿ ಅಂದ.

"ಸುತ್ತೋ ಕೈ ಯಾವುದು ಸಾಹುಕಾರ್ರೇ, ಬಲಗೈಯೋ, ಎಡಗೈಯೋ?"

ಸಭೆ ನಕ್ಕಿತು. ಸಾಹುಕಾರನ ಮುಖ ಕೆಂಪಗಾಯಿತು.

"ಏನು ಕೇಳ್ತೀಯೇ ಎಡಚಿ? ರಾಜರ ಬಾಯಿಗೆ ಹೋಗೋ ವಸ್ತು ಅದು. ಮಿಂದು ಮಡಿಯುಟ್ಟು ಬಲಗೈಲಿ ಸುತ್ತಿದ್ದು. ಎಡಗೈ ಸೋಕಿದ್ದರೆ ನನ್ನ ಅಂಗಡಿ ಈ ಓಣಿಯವರಿಗೇ ಬಿಟ್ಟುಕೊಡ್ತೀನಿ."

"ಎಲ್ಲರೂ ಕೇಳಿಸ್ಕೊಂಡಿರಲ್ಲ," ಅಂದಳು ಸಂಕವ್ವ. ಸೆರಗಿನಿಂದ ಎಲೆ ತೆಗೆದು ಹಲಗೆ ಮೇಲೆ ಹಾಸಿ, ಬಲಗೈಯವರು ಒಂದೊಂದು ಸುತ್ತಿ ನೋಡಿ ಅಂದಳು.

ದ್ಯಾಮವ್ವ ಸುತ್ತಿದಳು. ಎಲೆ ಬಲಕ್ಕೆ ಹತ್ತಿತು. ಮಂತ್ರಿ ಸುತ್ತಿದ. ವಕ್ರವಾಯಿತು, ಆದರೂ ಬಲಕ್ಕೆ ಹತ್ತಿತು. ರಾಜನೂ ಕೂತು ಸುತ್ತಿದ. ಇಲಿ ನುಂಗಿದ ಹಾವಿನ ಹಾಗೆ ಆಯಿತು, ಆದರೆ ಹಾವು ಬಲಕ್ಕೇ ಸುತ್ತಿಕೊಂಡಿತ್ತು. ಕೊನೆಗೆ ಸಂಕವ್ವ ಎಡಗೈಲಿ ಒಂದು ಸುತ್ತಿ ರಾಜನ ಮುಂದಿಟ್ಟಳು. ರಾಜ ತನ್ನ ಕೈಯಲ್ಲಿದ್ದ ಚುಟ್ಟಾದ ಉಂಗುರ ಕಳಚಿ ಪಕ್ಕದಲ್ಲಿಟ್ಟ. ಅವಳಿ ಮಕ್ಕಳು. ಯಾವುದು ಯಾವುದೋ ಅವನಿಗೇ ಮರೆತುಹೋಯಿತು.

ಆ ದೇಶದಲ್ಲಿ ಎಲ್ಲರೂ ಎಡಚರೇ ಪ್ರಭು ಅಂತ ಸಾಹುಕಾರ ತೊದಲಿದ. ಈಗ ತಾನೇ ಬಲಗೈ ಅಂದೆಯಲ್ಲ ಅಂದ ರಾಜ. ಭಟರು ಹೋಗಿ ಸಾಹುಕಾರನ ಗಾಡಿ ತಂದರು. ಒಳಗೆ ಬಾಳೆ ನಾರಿನ ಕಟ್ಟುಗಳು, ಪಕ್ಕದಲ್ಲಿ ಒಂದು ಬುಟ್ಟಿ ಕಾಗದದ ಉಂಗುರ. ಸಭೆಯಲ್ಲಿ ಇದ್ದವರೆಲ್ಲ ಮೆಲ್ಲಗೆ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ರಾಜ ಆ ಎರಡರಲ್ಲಿ ಒಂದನ್ನು ಹಚ್ಚಿ ಒಂದು ದಮ್ಮು ಎಳೆದ.

"ನಿನ್ನೆ ಇದು ಅಮೃತದ ಹಾಗಿತ್ತಲ್ಲ ಸಂಕವ್ವ, ಇವತ್ತು ಯಾಕೆ ಹಾಗಿಲ್ಲ?"

"ಚುಟ್ಟಾ ಅದೇ ಬುದ್ಧಿ. ನೀವು ನಿನ್ನೆ ಸೇದಿದ್ದು ಉಂಗುರಾನ."

ಹಲಗೆಗಳು ಓಣಿಗೆ ಹಿಂದಿರುಗಿದವು. ಸಾಹುಕಾರನ ಅಂಗಡಿ ಮಾತಿನಂತೆ ಓಣಿಯವರದಾಯಿತು. ಅವನನ್ನು ಗಡೀಪಾರು ಮಾಡಲಾ ಅಂತ ರಾಜ ಕೇಳಿದ. ಬೇಡ ಬುದ್ಧಿ, ಗಾಡಿಯಲ್ಲಿರೋ ಮಾಲು ನನ್ನ ಕೈಯ ಬೆವರು, ಹಾಳಾಗಬಾರದು, ಉಂಗುರ ಇಲ್ಲದೆ, ದ್ಯಾಮವ್ವನ ಬೆಲೆಗೇ, ಎಡಗೈ ಚುಟ್ಟಾ ಅಂತ ಬೀದಿಯಲ್ಲಿ ಕೂಗಿ ಮಾರಲಿ ಅಂದಳು ಸಂಕವ್ವ. ಸಾಹುಕಾರ ಮೂರು ದಿನ ಕೂಗಿದ. ಮೊದಲ ದಿನ ಒಬ್ಬರೂ ಕೊಳ್ಳಲಿಲ್ಲ. ಎರಡನೇ ದಿನವೂ ಇಲ್ಲ. ತನ್ನ ಮಾಲನ್ನು ಅಷ್ಟು ದಿನ ಯಾರೂ ಯಾಕೆ ಕೊಳ್ಳಲಿಲ್ಲ ಅಂತ ಸಂಕವ್ವನಿಗಾದ ನೋವು ಆಗ ಅವನಿಗೆ ತಿಳಿಯಿತು. ಮೂರನೇ ದಿನ ರಾಜನೇ ಬಂದು ಒಂದು ಕೊಂಡ.

ಆಮೇಲೆ ದೊಡ್ಡವರೆಲ್ಲ ಓಣಿಗೆ ಬರತೊಡಗಿದರು. ಸಂಕವ್ವ ಯಾರಿಗೆ ಕೊಟ್ಟರೂ ಎಡಗೈಲೇ ಕೊಡುತ್ತಿದ್ದಳು. ಅವರು ಒಂದು ಗಳಿಗೆ ತಡೆದು, ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು.

ಅದಕ್ಕೇ ಹೇಳೋದು, ತೊಡಿಸಿದ ಉಂಗುರ ನೋಡಿ ಬೆಲೆ ಕಟ್ಟಬೇಡಿ, ಸುತ್ತಿದ ಕೈ ನೋಡಿ ಕಟ್ಟಿ. ಹೊಗೆ ಆರಿತು, ಕತೆ ತೀರಿತು. ಕೆಮ್ಮು ಮಾತ್ರ ಎರಡಕ್ಕೂ ಒಂದೇ, ಅದನ್ನು ಮರೀಬೇಡಿ.