ಟಿಟ್ಟಿಭ ಹಕ್ಕಿ ಬಯಲಿನಲ್ಲೇ ಏಕೆ ಮೊಟ್ಟೆಯಿಡುತ್ತದೆ?

ಭೂಮಿ ಆಗಷ್ಟೇ ಹುಟ್ಟಿ, ಇನ್ನೂ ಹಸಿ ಆರದ ಕಾಲ. ಕೆರೆಗೆ ತನ್ನ ದಡ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಗಾಳಿ ಹೇಳದೆ ಕೇಳದೆ ಎಲ್ಲರ ಮನೆಗೂ ನುಗ್ಗುತ್ತಿತ್ತು.

ಆಗ ಟಿಟ್ಟಿಭಮ್ಮ ದಡದ ಮಣ್ಣಿನೊಳಗೆ, ಕತ್ತಲ ಬಿಲದಲ್ಲಿ ಇರುತ್ತಿದ್ದಳು. ದನಿ ಮೆತ್ತಗೆ, ಜೀವ ಪುಕ್ಕಲು. ಎಲೆ ಅಲ್ಲಾಡಿದರೂ ಎದೆ ಡವಡವ ಅನ್ನುತ್ತಿತ್ತು. ಮರಿಗಳು ಹುಟ್ಟಿದ ಮೇಲಂತೂ ಕೇಳಲೇಬೇಡ.

"ಹೊರಗೆ ಹದ್ದಿದೆ, ನರಿಯಿದೆ. ಮಾತೆಲ್ಲ ಕಲಿತ ಮೇಲೇ ಹೊರಗೆ," ಎಂದಳು.

ಬಿಲದೊಳಗೇ ಪಾಠ ನಡೆಯಿತು.

"ಹದ್ದು ಅಂದರೆ?"

"ಡೊಂಕು ಕೊಕ್ಕು, ಚೂಪು ಉಗುರು."

"ಹದ್ದು ಬಂದರೆ?"

"ಅಲ್ಲಾಡದೆ ಕೂರಬೇಕು."

ಕಿರಿಯವಳು ಚುಕ್ಕಿ ಎಲ್ಲರಿಗಿಂತ ಮೊದಲು ಹೇಳುತ್ತಿದ್ದಳು. ಟಿಟ್ಟಿಭಮ್ಮನಿಗೆ ಸಮಾಧಾನವಾಗುತ್ತಿತ್ತು, ಆದರೆ ಸ್ವಲ್ಪ ಮಾತ್ರ.

ಗಾಳಿ ಬಿಲದೊಳಗೆ ಇಣುಕಿತು. "ಅಕ್ಕಾ, ಮಕ್ಕಳಿಗೆ ಬರೀ ಹೆಸರು ಕಲಿಸಿದರೆ ಸಾಕೇ? ಹೆಸರಿನ ಮುಖ ತೋರಿಸಬೇಡವೇ?"

"ನಿನಗೇನಪ್ಪ, ಮಕ್ಕಳೇ ಮರಿಯೇ," ಎಂದು ಅವಳು ಗಾಳಿಯನ್ನು ಆಚೆಗೆ ಅಟ್ಟಿದಳು.

ಕೊನೆಗೊಂದು ಬೆಳಿಗ್ಗೆ, ಪಾಠವೆಲ್ಲ ಬಾಯಿಗೆ ಬಂದ ಮೇಲೆ, ಮರಿಗಳನ್ನು ಹೊರಗೆ ಕರೆತಂದಳು. ಬಯಲು ಎಷ್ಟು ದೊಡ್ಡದು! ಟಿಟ್ಟಿಭಮ್ಮ ಬಿಲದ ಬಾಯಿ ಬಿಟ್ಟು ಕದಲಲಿಲ್ಲ. ಚುಕ್ಕಿ ಮಾತ್ರ ಮಣ್ಣು ನೋಡುತ್ತ ಮುಂದೆ ಮುಂದೆ ಓಡಿದಳು.

ಮಣ್ಣಿನ ಮೇಲೆ ಕಪ್ಪಗಿನ ಏನೋ ಒಂದು ಜಾರಿಕೊಂಡು ಬಂತು. ಅದಕ್ಕೆ ಕೊಕ್ಕಿಲ್ಲ, ಉಗುರಿಲ್ಲ. ಚುಕ್ಕಿ ಚೆನ್ನಾಗಿ ನೋಡಿದಳು. ಹದ್ದಂತೂ ಅಲ್ಲ ಎಂದುಕೊಂಡು ನಗುತ್ತ ಅದರ ಹಿಂದೆಯೇ ಓಡಿದಳು.

ನೆರಳು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

ಟಿಟ್ಟಿಭಮ್ಮ ತಲೆಯೆತ್ತಿದಳು, ಮೇಲೆ ಹದ್ದು. ಕೂಗಲು ಹೋದರೆ ದನಿಯೇ ಇಲ್ಲ. ಮತ್ತೆ ಕೂಗಿದಳು. ಗಂಟಲು ಹರಿದು ಮಾತು ಹೊರಬಂತು. "ಅದೇ ಹದ್ದು, ಕಂದಾ! ಅದೇ ಹದ್ದು! ಕೂರು!"

ಚುಕ್ಕಿ ಇದ್ದಲ್ಲೇ, ಕಲ್ಲುಗಳ ನಡುವೆ ಕುಕ್ಕರಿಸಿದಳು. ಹದ್ದು ಎರಗಿತು. ಅದರ ಕಣ್ಣಿಗೆ ಕಂಡದ್ದು ಬರೀ ಕಲ್ಲುಗಳು. ಹಿಡಿ ಮಣ್ಣು ಕೆದರಿ ಹಾರಿಹೋಯಿತು.

ಮರಿಗಳು ಬಿಲದ ಕಡೆ ಓಡಿದವು. ಒಳಗೆ ಹೋಗಿಬಿಡೋಣ ಎಂದು ಟಿಟ್ಟಿಭಮ್ಮನ ಜೀವವೂ ಬಡಿದುಕೊಳ್ಳುತ್ತಿತ್ತು. ಆದರೆ ಅವಳು, ಮರಿಗಳು ಒಳಹೋಗುವ ಮೊದಲೇ, ಕಾಲಿನಿಂದ ಮಣ್ಣೆಳೆದು ಬಿಲದ ಬಾಯಿ ಮುಚ್ಚಿದಳು.

"ಇನ್ನು ಪಾಠ ಇಲ್ಲೇ," ಎಂದಳು. ದನಿ ಒಡೆದೇ ಹೋಗಿತ್ತು. ಹಸಿ ಮಣ್ಣಿನ ಮೇಲಿನ ಹೆಜ್ಜೆಗುರುತುಗಳತ್ತ ಚುಕ್ಕಿಯನ್ನು ಕರೆದಳು.

"ನೋಡು, ಈ ಮೂರು ಗೀಟು ಕೊಕ್ಕರೆ ಬರೆದದ್ದು. ಇದು ಯಾರು ಬರೆದದ್ದು, ಓದು."

ಚುಕ್ಕಿ ಬಗ್ಗಿ ನಿಧಾನವಾಗಿ ಓದಿದಳು. "ನರಿ. ಅಂಚು ಇನ್ನೂ ಒದ್ದೆ. ಅಮ್ಮಾ, ಈಗಷ್ಟೇ ಹೋಗಿದೆ."

ಟಿಟ್ಟಿಭಮ್ಮ ಸುತ್ತಲೂ ನೋಡಿದಳು. ಭಯ ಹೋಯಿತೇ ಅಂತೀಯಾ? ಹೆತ್ತವಳ ಭಯ ಎಲ್ಲಿಗೆ ಹೋಗುತ್ತದೆ ಮಗಾ. ಒಂದೊಂದು ಮಾತು ಕಲಿಸುವಾಗಲೂ ಅವಳು ಒಮ್ಮೆ ಆಕಾಶ ನೋಡುತ್ತಿದ್ದಳು.

ಅದಕ್ಕೇ ಇಂದಿಗೂ ಟಿಟ್ಟಿಭ ಬಿಲ ಹುಡುಕುವುದಿಲ್ಲ, ಬಯಲ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ನೀನು ಕೆರೆಯ ಬಯಲಿಗೆ ಕಾಲಿಟ್ಟ ಕೂಡಲೇ ಅದು ತಲೆಯ ಮೇಲೆ ಸುತ್ತಿ ಸುತ್ತಿ ಕೂಗುವುದು ನಿನ್ನನ್ನು ಬೈಯುವುದಕ್ಕಲ್ಲ. ನಿನ್ನ ಕಾಲ ಬಳಿಯೇ ಎಲ್ಲೋ ಕಲ್ಲಿನ ಹಾಗೆ ಕೂತಿರುವ ಮರಿಗೆ ನಿನ್ನನ್ನು ತೋರಿಸಿ, ನಿನ್ನ ಹೆಸರು ಹೇಳಿಕೊಡುತ್ತಿದೆ.